ನೀರಿಗೆ ಬಿದ್ದವನ ಒಣ ಅಂಗಿ

ಶಿಗ್ಲಿಯಲ್ಲಿದ್ದುಕೊಂಡು ಶಾರ್ಕಿಗೆ ಹೆದರಬೇಕೆಂದರೆ ಸ್ವಲ್ಪ ಕಷ್ಟಪಡಬೇಕು. ಸಮುದ್ರ ನೋಡಲು ನಾವು ಲಕ್ಷ್ಮೇಶ್ವರ ದಾಟಿ ಹುಬ್ಬಳ್ಳಿಗೆ ಹೋಗಬೇಕು, ಅಲ್ಲಿಂದ ಕಲಘಟಗಿ, ಯಲ್ಲಾಪುರ, ಆಮೇಲೆ ಅರಬೈಲು ಘಟ್ಟ ಇಳಿದು ಅಂಕೋಲೆ. ಅಷ್ಟು ದೂರ ಹೋದವರೂ ದಂಡೆಯಲ್ಲಿ ನಿಂತು ಪಾದ ತೊಯಿಸಿಕೊಂಡು, ಉಪ್ಪು ಹೌದೋ ಅಲ್ಲವೋ ಎಂದು ನಾಲಿಗೆಗೆ ಹಚ್ಚಿ ನೋಡಿ, ಫೋಟೋ ತೆಗೆಸಿಕೊಂಡು ಬರುತ್ತಾರೆಯೇ ಹೊರತು ಒಳಗೆ ಇಳಿಯುವುದಿಲ್ಲ. ನಮಗೆ ಗೊತ್ತಿರುವ ನೀರು ಬೇರೆ. ಕೆರೆ, ಬಾವಿ, ಬೋರು, ಬೇಸಿಗೆಯಲ್ಲಿ ಟ್ಯಾಂಕರು. ಶಿರಹಟ್ಟಿ, ಮುಂಡರಗಿ ಸೀಮೆಯ ತೆಂಕಣ ಅಂಚಿಗೆ ತುಂಗಭದ್ರೆ ಹರಿಯುತ್ತಾಳೆ. ಅಲ್ಲಿ ಬಾಳೆಮೀನು ಸಿಗುತ್ತದೆ; ಅದರ ಅಗಲ ಬಾಯಿ, ಹಲ್ಲು, ಹಸಿವು ನೋಡಿ ಪುಸ್ತಕದವರು ಅದಕ್ಕೆ ಸಿಹಿನೀರಿನ ಶಾರ್ಕ್ ಎಂಬ ಬಿರುದು ಕೊಟ್ಟಿದ್ದಾರೆ. ನದಿದಂಡೆಯ ಜನ ಆ ಬಿರುದಿಗೆ ಮರ್ಯಾದೆ ಕೊಡದೆ ಅದನ್ನು ಸಾರು ಮಾಡಿ ಉಣ್ಣುತ್ತಾರೆ.

ಹೀಗಿದ್ದೂ ನಮ್ಮೂರಿನ ಒಂದು ಓಣಿಗೆ ಶಾರ್ಕಿನ ಸಿನಿಮಾಗಳ ಬಗ್ಗೆ ಬಹಳ ಗಟ್ಟಿಯಾದ ಅಭಿಪ್ರಾಯವಿದೆ. ಅದಕ್ಕೆ ಕಾರಣ 1987ರಲ್ಲಿ ಅಮೆರಿಕದವರು ತೆಗೆದ ‘ಜಾಸ್: ದಿ ರಿವೆಂಜ್’. ಜಾಸ್ ಮಾಲೆಯ ನಾಲ್ಕನೆಯದು, ಕೊನೆಯದು, ಜಗತ್ತಿನ ಕೆಟ್ಟ ಸಿನಿಮಾಗಳ ಪಟ್ಟಿ ಯಾರು ಮಾಡಿದರೂ ತಪ್ಪದೆ ಹಾಜರಾಗುವಂಥದ್ದು. ಒಳ್ಳೆಯ ಭಯದ ಸಿನಿಮಾ ಎರಡು ತಾಸು ಹೆದರಿಸಿ, ಇನ್ನೆರಡು ರಾತ್ರಿ ಕನಸಿಗೆ ಬಂದು ಹೋಗಿಬಿಡುತ್ತದೆ. ಕೆಟ್ಟದ್ದು ಹಾಗಲ್ಲ. ಅದು ಊರಿನವರ ಬಾಯಲ್ಲಿ ಉಳಿಯುತ್ತದೆ, ಮದುವೆ ಮನೆಯ ಜಗಲಿಗೂ ಬರುತ್ತದೆ, ನೋಡದವರೂ ನೋಡಿದವರ ಹಾಗೆ ಮಾತಾಡುತ್ತಾರೆ.

ವಿಸಿಆರ್ ಕಾಲದ ಮಾತು. ಗಣೇಶ ಚೌತಿಗೆ ಓಣಿಯ ಹುಡುಗರು ಪಟ್ಟಿ ಎತ್ತಿ, ಟಿವಿ ಮತ್ತು ವಿಸಿಆರ್ ಬಾಡಿಗೆಗೆ ತಂದು, ಗಣಪ್ಪನ ಮುಂದೆಯೇ ಇಡುತ್ತಿದ್ದರು. ಮೊದಲು ಭಕ್ತಿಯ ಚಿತ್ರ, ಅದು ಹಿರಿಯರಿಗೆ. ಆಮೇಲೆ ರಾಜಕುಮಾರ್, ಅದು ಎಲ್ಲರಿಗೆ. ಮುದುಕರು ಮಲಗಿದ ಮೇಲೆ ಒಂದು ಇಂಗ್ಲಿಷ್ ಪಿಚ್ಚರ್, ಅದು ಯಾರಿಗೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ದಿ ರಿವೆಂಜ್’ ತಂದ ವರ್ಷ ಮುದುಕರು ಮಲಗಲಿಲ್ಲ. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಬಾಯಿ ತೆರೆದ ಮೀನಿನ ಚಿತ್ರವಿತ್ತು, ಮೀನಿನ ಪಿಚ್ಚರಿನಲ್ಲಿ ಮುಚ್ಚುಮರೆ ಮಾಡುವಂಥದ್ದು ಏನೂ ಇರಲಾರದು ಎಂದು ಹೆಂಗಸರೂ ಕುಳಿತರು. ಲಕ್ಷ್ಮೇಶ್ವರದಲ್ಲಿ ಪಿಯುಸಿ ಓದುತ್ತಿದ್ದ ಒಬ್ಬ ಹುಡುಗನನ್ನು ಟಿವಿಯ ಪಕ್ಕ ಕೂರಿಸಿ ಅರ್ಥ ಹೇಳುವ ಕೆಲಸ ಕೊಟ್ಟರು. ಅವನಿಗೂ ಪೂರ್ತಿ ತಿಳಿಯುತ್ತಿರಲಿಲ್ಲ, ಆದರೆ ತಿಳಿಯದ ಕಡೆ ನಿಲ್ಲುವ ಜಾಯಮಾನ ಅವನದಲ್ಲ.

ಕಥೆ ಇಷ್ಟು. ಅಮಿಟಿ ಎಂಬ ದ್ವೀಪದ ಊರು. ಮೊದಲ ಚಿತ್ರದಲ್ಲಿ ಶಾರ್ಕನ್ನು ಕೊಂದ ಪೊಲೀಸ್ ಅಧಿಕಾರಿ ಬ್ರೋಡಿ ಈಗ ಇಲ್ಲ, ಎದೆಯೊಡೆದು ಸತ್ತಿದ್ದಾನೆ. ಆ ಪಾತ್ರ ಮಾಡಿದ್ದ ರಾಯ್ ಶೈಡರ್ ಈ ಚಿತ್ರದ ಗೊಡವೆಗೆ ಬರಲಿಲ್ಲ. ಬ್ರೋಡಿಯ ಹೆಂಡತಿ ಎಲೆನ್, ಇಬ್ಬರು ಗಂಡುಮಕ್ಕಳು. ಕ್ರಿಸ್ಮಸ್ ಹೊತ್ತಿಗೆ ಕಿರಿಯ ಮಗ ರಾತ್ರಿ ದೋಣಿಯಲ್ಲಿ ಹೋದಾಗ ಶಾರ್ಕು ಅವನನ್ನು ಹಿಡಿಯುತ್ತದೆ. ದಂಡೆಯ ಮೇಲೆ ಹಾಡುತ್ತಿರುವ ಭಜನೆಯ ಮೇಳದ ಸದ್ದಿನಲ್ಲಿ ಅವನ ಕೂಗು ಯಾರಿಗೂ ಕೇಳುವುದಿಲ್ಲ. ಇಡೀ ಚಿತ್ರದಲ್ಲಿ ಒಪ್ಪಬಹುದಾದದ್ದು ಈ ಒಂದು ದೃಶ್ಯ. ತಾಯಿಗೆ ಮನಸ್ಸಿನಲ್ಲಿ ಒಂದು ಮಾತು ಕೂತುಬಿಡುತ್ತದೆ: ಈ ಮೀನು ನಮ್ಮ ಮನೆತನದ ಬೆನ್ನು ಹತ್ತಿದೆ. ಹಿರಿಯ ಮಗ ಅವಳನ್ನು ತಾನಿರುವ ಬಹಾಮಾಸ್ ದ್ವೀಪಗಳಿಗೆ ಕರೆದೊಯ್ಯುತ್ತಾನೆ. ಮೀನು ಅಲ್ಲಿಗೂ ಬರುತ್ತದೆ.

ಇಲ್ಲಿಯೇ ನೋಡಿ, ಅಮೆರಿಕದ ವಿಮರ್ಶಕರು ಸಿಟ್ಟಾದದ್ದು. ಮೀನು ಹಗೆ ಸಾಧಿಸುವುದುಂಟೇ? ಒಂದು ಕುಟುಂಬದ ಗುರುತು ಇಟ್ಟುಕೊಂಡು ತಣ್ಣನೆಯ ಕಡಲಿನಿಂದ ಬೆಚ್ಚಗಿನ ಕಡಲಿಗೆ ಮೂರು ದಿನದಲ್ಲಿ ಈಜಿ ಬರುವುದುಂಟೇ? ಅವರ ಲೆಕ್ಕ ಸರಿಯಾದದ್ದೇ. ನಿಕೋಲ್ ಎಂದು ವಿಜ್ಞಾನಿಗಳು ಹೆಸರಿಟ್ಟ ಒಂದು ದೊಡ್ಡ ಬಿಳಿ ಶಾರ್ಕು, ಮೈಮೇಲೆ ಗುರುತಿನ ಯಂತ್ರ ಹೊತ್ತು, 2003ರ ಕೊನೆಯಲ್ಲಿ ದಕ್ಷಿಣ ಆಫ್ರಿಕದಿಂದ ಹೊರಟು ಆಸ್ಟ್ರೇಲಿಯಕ್ಕೆ ಸುಮಾರು 11,000 ಕಿಲೋಮೀಟರ್ ಈಜಿತು. ಹಿಡಿದ ಕಾಲ 99 ದಿನ. ಅಂದರೆ ದಿನಕ್ಕೆ 110 ಕಿಲೋಮೀಟರಿನ ಆಸುಪಾಸು. ಆ ವೇಗದಲ್ಲಿ ಅಮೆರಿಕದ ಈಶಾನ್ಯ ಕರಾವಳಿಯಿಂದ ಬಹಾಮಾಸ್ ಮುಟ್ಟಲು ಎರಡು ವಾರವಾದರೂ ಬೇಕು. ನಮ್ಮ ಮೀನು ವಿಮಾನದ ಜೊತೆ ಪಂದ್ಯ ಕಟ್ಟಿ ಬಂದಂತೆ ಬರುತ್ತದೆ.

ಆದರೆ ನಮ್ಮ ಓಣಿಯಲ್ಲಿ ಈ ಎರಡು ಪ್ರಶ್ನೆಗಳನ್ನು ಯಾರೂ ಎತ್ತಲಿಲ್ಲ. ದೂರದಿಂದ ಬರುವುದು ನಮಗೆ ದೊಡ್ಡ ಮಾತಲ್ಲ. ಶಿರಹಟ್ಟಿಯ ಹತ್ತಿರ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯ, ಟಿಬೆಟ್ ಕಡೆಯಿಂದ ಹಿಮಾಲಯ ಹಾರಿ ಬರುತ್ತವೆ, ಸುತ್ತಲಿನ ಹೊಲದಲ್ಲಿ ಶೇಂಗಾ, ಕಡಲೆ ಮೇಯ್ದು ಬೇಸಿಗೆ ಬರುವ ಮುಂಚೆ ತಿರುಗಿ ಹೋಗುತ್ತವೆ. 2024ರಲ್ಲಿ ಆ ಕೆರೆ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿಗಳು ಅದಕ್ಕೂ ಬಹಳ ಹಿಂದಿನಿಂದ ಬರುತ್ತಿದ್ದವು. ಹಕ್ಕಿ ಬರುವುದಾದರೆ ಮೀನು ಯಾಕೆ ಬರಬಾರದು? ಇನ್ನು ಹಗೆಯ ವಿಷಯ. ಹಾವು ಹನ್ನೆರಡು ವರ್ಷ ದ್ವೇಷ ಇಟ್ಟುಕೊಳ್ಳುತ್ತದೆ ಎಂದು ನಂಬಿದ ನಾಡು ಇದು. ಹೊಡೆದವನ ಮುಖ ಹಾವಿನ ಕಣ್ಣಿನಲ್ಲಿ ಅಚ್ಚಾಗುತ್ತದೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದೇವೆ. ಶಾರ್ಕಿನ ಕಣ್ಣು ಹಾವಿನದಕ್ಕಿಂತ ದೊಡ್ಡದೇ ಇದೆ.

ನಮ್ಮ ಆಯಿ ಕೇಳಿದ್ದು ಬೇರೆ ಪ್ರಶ್ನೆ. ಕಂಬಕ್ಕೆ ಒರಗಿ ಕುಳಿತಿದ್ದವಳು ಪಿಯುಸಿ ಹುಡುಗನನ್ನು ತಡೆದಳು.

“ಅಲ್ಲೋ ತಮ್ಮಾ, ಇದರ ಗಂಡನ್ನ ಯಾರು ಕೊಂದ್ರು?”

“ಯಾರ ಗಂಡನ್ನ, ಆಯಿ?”

“ಈ ಮೀನಿಂದು. ಹಗಿ ತೀರ್ಸಾಕತ್ತೈತಿ ಅಂದಿ. ಯಾರ ಹಗಿ? ಇದರ ಗಂಡನ್ನ ಕೊಂದ್ರೋ, ಮಗನ್ನ ಕೊಂದ್ರೋ? ಮೊದ್ಲ ಅದನ್ನ ತೋರ್ಸಬೇಕಲ್ಲ.”

ಹುಡುಗ ಸುಮ್ಮನಾದ. ಅವನ ಜಾಯಮಾನಕ್ಕೆ ಮೀರಿದ ಪ್ರಶ್ನೆ ಅದು. ಚಿತ್ರದ ಕಥೆ ಬರೆದವನೂ ಅಲ್ಲಿದ್ದಿದ್ದರೆ ಸುಮ್ಮನಾಗಬೇಕಿತ್ತು. ಮೊದಲ ಚಿತ್ರದಲ್ಲಿ ಒಂದು ಶಾರ್ಕು ಸಾಯುತ್ತದೆ, 1978ರ ಎರಡನೆಯದರಲ್ಲಿ ಇನ್ನೊಂದು. ಇದು ಅವುಗಳ ಹೆಂಡತಿಯೋ, ಮಗಳೋ, ದಾಯಾದಿಯೋ ಎಂದು ಸಿನಿಮಾ ಎಲ್ಲಿಯೂ ಹೇಳುವುದಿಲ್ಲ. ಚಿತ್ರದ ಜೊತೆಗೆ ಬಂದ ಕಾದಂಬರಿ ರೂಪದಲ್ಲಿ ಒಬ್ಬ ಮಾಟಗಾರನ ಶಾಪ ಎಂದೇನೋ ಒಂದು ಕಾರಣ ಜೋಡಿಸಿದ್ದಾರೆ. ಪರದೆಗೆ ಅದೂ ಬರಲಿಲ್ಲ. ನಮ್ಮ ನಾಗಿಣಿ ಚಿತ್ರಗಳಲ್ಲಿ ಇಂಥ ಅನ್ಯಾಯ ನಡೆಯುವುದಿಲ್ಲ. ಅಲ್ಲಿ ಮೊದಲ ಹತ್ತು ನಿಮಿಷದೊಳಗೆ ಒಬ್ಬ ದುಷ್ಟ ಜೋಡಿಹಾವಿನಲ್ಲಿ ಒಂದನ್ನು ಕೊಲ್ಲಲೇಬೇಕು, ಇನ್ನೊಂದು ಅವನ ಮುಖ ನೋಡಲೇಬೇಕು. ಆಮೇಲೆ ಹಾವು ಹೆಣ್ಣಾದರೂ ನಡೆಯುತ್ತದೆ, ಕುಣಿದರೂ ನಡೆಯುತ್ತದೆ, ಇಂಗ್ಲಿಷ್ ಮಾತಾಡಿದರೂ ಕೇಳುವವರಿಲ್ಲ.

ಆಯಿ ಸುಳ್ಳನ್ನು ಸಹಿಸದವಳೇನಲ್ಲ. ದೊಡ್ಡಾಟ ನೋಡಿ ಬೆಳೆದ ಜೀವ. ಗದಗಿನ ಗರೂಡ ಸದಾಶಿವರಾಯರ ಕಂಪನಿ, ಶಿರಹಟ್ಟಿ ವೆಂಕೋಬರಾಯರ ಕಂಪನಿ ಎಂದು ಅವಳ ಹಿರಿಯರು ಎತ್ತಿನ ಬಂಡಿ ಕಟ್ಟಿಕೊಂಡು ನಾಟಕಕ್ಕೆ ಹೋಗುತ್ತಿದ್ದ ಸೀಮೆ ಇದು. ದೊಡ್ಡಾಟದಲ್ಲಿ ರಾಕ್ಷಸನ ಭುಜಕೀರ್ತಿ ಕಟ್ಟಿಗೆಯದೆಂದು ಎಲ್ಲರಿಗೂ ಗೊತ್ತು. ಬಡಿಗ ಯಾರು, ಬಣ್ಣ ಬಳಿದವರು ಯಾರು ಎಂಬುದೂ ಗೊತ್ತು. ಹಗಲಿಡೀ ಮಗ್ಗದ ಮೇಲೆ ಕೂತವನೇ ರಾತ್ರಿ ರಾಕ್ಷಸ. ಆದರೂ ಅವನು ಮುಂದಿನ ಪರದೆ ಅಲುಗಿಸಿ, ಒಳಗಿನಿಂದ ಅಬ್ಬರಿಸಿ, ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಿ ಹೊರಗೆ ಬಂದರೆ ಕೂಸುಗಳು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತವೆ. ಅಲ್ಲಿ ತಾಳ ತಪ್ಪುವಂತಿಲ್ಲ, ಅಷ್ಟೇ. ತಾಳ ತಪ್ಪಿದ ರಾಕ್ಷಸನಿಗೆ ಕೂಸೂ ನಗುತ್ತದೆ.

ಆ ರಾತ್ರಿ ತಾಳ ತಪ್ಪಿದ್ದು ಒಂದು ಅಂಗಿಯಲ್ಲಿ.

ಶಿಗ್ಲಿ ನೇಕಾರರ ಊರು. ಹಗಲು ಓಣಿಯಲ್ಲಿ ನಡೆದರೆ ಮಾತಿಗಿಂತ ಮೊದಲು ಮಗ್ಗದ ಸದ್ದು ಕೇಳಿಸುತ್ತದೆ. ಕುಣಿಮಗ್ಗದ ಲಾಳಿಯ ಸದ್ದು ಒಂದು ನಮೂನಿ, ಪವರ್‌ಲೂಮಿನದು ಇನ್ನೊಂದು. ನಮ್ಮ ಕಾಕಾ ಹಲ್ಲು ಬೀಳುವ ವಯಸ್ಸಿನಿಂದಲೇ ಕಂಡಿಕೆ ಸುತ್ತಿದವನು. ಅವನು ಸಿನಿಮಾ ನೋಡುವ ಕ್ರಮವೇ ಬೇರೆ. ಭಕ್ತಿಯ ಚಿತ್ರದಲ್ಲಿ ಎಲ್ಲರೂ ಕೈಮುಗಿದು ಕುಳಿತಿರುವಾಗ, “ವಿಷ್ಣುವಿನ ಪೀತಾಂಬರ ಆರ್ಟ್ ಸಿಲ್ಕೈತಿ, ರೇಶ್ಮಿ ಅಲ್ಲ” ಎನ್ನುತ್ತಿದ್ದ. ಲಕ್ಷ್ಮಿಯ ಸೀರೆಯ ದಡಿ ಎಷ್ಟು ಬೆರಳು, ಸೆರಗಿನ ಜರಿ ಯಾವ ಊರಿನದು, ಎಲ್ಲ ಹೇಳುತ್ತಿದ್ದ. ನಾಯಕ ಸತ್ತರೂ ಅವನ ಕಣ್ಣು ಹೆಣದ ಮೇಲೆ ಹೊದಿಸಿದ ಬಟ್ಟೆಯ ಮೇಲೆ. ಸೀರೆ ಮಡಿಚುವಾಗ ನೂರಾರು ಎಳೆಗಳಲ್ಲಿ ತಪ್ಪಿದ ಒಂದೇ ಒಂದು ಎಳೆ ಬೆರಳಿಗೆ ತಾಕುವಂತೆ, ಪರದೆಯ ಮೇಲಿನ ತಪ್ಪು ಅವನಿಗೆ ತಾಕುತ್ತಿತ್ತು.

ಚಿತ್ರದ ಕೊನೆಕೊನೆಗೆ ಎಲೆನ್ ಒಬ್ಬಳೇ ಹಡಗು ತೆಗೆದುಕೊಂಡು ಮೀನಿನ ಜೊತೆ ಲೆಕ್ಕ ಚುಕ್ತಾ ಮಾಡಲು ಹೊರಡುತ್ತಾಳೆ. ಅವಳನ್ನು ಹುಡುಕಿಕೊಂಡು ಮಗ ಮತ್ತು ಗೆಳೆಯರು ಸಣ್ಣ ವಿಮಾನದಲ್ಲಿ ಬರುತ್ತಾರೆ. ವಿಮಾನ ಓಡಿಸುವವನ ಹೆಸರು ‘ಹೋಗಿ’, ಆ ಪಾತ್ರದಲ್ಲಿ ಇಂಗ್ಲೆಂಡಿನ ಹೆಸರಾಂತ ನಟ ಮೈಕೇಲ್ ಕೇನ್. ಅವನು ವಿಮಾನವನ್ನು ನೀರಿನ ಮೇಲೆ ಇಳಿಸುತ್ತಾನೆ. ಉಳಿದವರು ಈಜಿ ಹಡಗು ಸೇರುತ್ತಾರೆ. ಶಾರ್ಕು ವಿಮಾನವನ್ನು ಹಿಡಿದು ಅವನ ಸಮೇತ ಕಡಲೊಳಗೆ ಎಳೆದುಬಿಡುತ್ತದೆ. ಅಯ್ಯೋ, ಹೋದ ಎಂದು ಹೆಂಗಸರು ಲೊಚಗುಟ್ಟಿದರು. ಅಷ್ಟರಲ್ಲಿ ಅವನು ಹಡಗಿನ ಪಕ್ಕಕ್ಕೆ ಬಂದು, ಕೈ ಊರಿ ಮೇಲೆ ಹತ್ತಿದ. ಓಣಿಯ ಹುಡುಗರು ಸೀಟಿ ಹೊಡೆದರು.

“ತಡೀರಿ” ಎಂದ ಕಾಕಾ. “ಹಿಂದಕ್ಕ ಸುತ್ರಿ ಅದನ್ನ.”

ವಿಸಿಆರ್ ಹಿಂದಕ್ಕೆ ಸುತ್ತಿತು. ಮತ್ತೆ ವಿಮಾನ ಮುಳುಗಿತು, ಮತ್ತೆ ಅವನು ಹತ್ತಿ ಬಂದ.

“ಇವ ಈಗ ನೀರಾಗಿಂದ ಬಂದನೋ ಇಲ್ಲೋ?”

“ಬಂದನಲ್ಲ ಕಾಕಾ.”

“ಮತ್ತ ಅಂಗಿ ಯಾಕ ತೊಯ್ದಿಲ್ಲ?”

ಇಡೀ ಓಣಿ ಟಿವಿಯ ಹತ್ತಿರಕ್ಕೆ ಬಗ್ಗಿತು. ಹೌದು, ಅಂಗಿ ಒಣಗಿತ್ತು. ಬರೀ ಒಣಗಿದ್ದಲ್ಲ, ಈಗಷ್ಟೇ ಪೆಟ್ಟಿಗೆಯಿಂದ ತೆಗೆದು ತೊಟ್ಟಂತೆ ಇತ್ತು. ಕಾಕಾ ಬಿಡಲಿಲ್ಲ. ಅರಿವೆ ನೀರು ಕುಡಿದರೆ ಬಣ್ಣ ಒಂದು ಪಟ್ಟು ಕಪ್ಪಾಗಬೇಕು, ಹೆಗಲ ಮೇಲೆ ಮೈಗೆ ಅಂಟಬೇಕು, ತೋಳಿನ ಅಂಚು ಭಾರಕ್ಕೆ ಜೋಲಬೇಕು, ಉಪ್ಪುನೀರಾದರೆ ಒಣಗಿದ ಮೇಲೆ ಬಿಳಿ ಗೆರೆ ನಿಲ್ಲಬೇಕು ಎಂದು ಬೆರಳು ಮಡಿಚಿ ಹೇಳಿದ. ಹೊಸ ನೂಲಿಗೆ ಗಂಜಿ ಹಚ್ಚಿ ಬಿಸಿಲಿಗೆ ಹರವುವವನಿಗೆ ತೊಯ್ದ ನೂಲು ಯಾವುದು, ಒಣಗಿದ್ದು ಯಾವುದು ಎಂದು ಯಾರೂ ಕಲಿಸಬೇಕಿಲ್ಲ. ಮತ್ತೊಮ್ಮೆ ಹಿಂದಕ್ಕೆ ಸುತ್ತಿಸಿದರು. ಆಮೇಲೆ ಇನ್ನೊಮ್ಮೆ, ಆಗತಾನೇ ಎದ್ದು ಬಂದ ಪಕ್ಕದ ಮನೆಯವರಿಗಾಗಿ. ಅಲ್ಲಿಗೆ ಶಾರ್ಕಿನ ಕಥೆ ಮುಗಿಯಿತು. ಅದರ ನಂತರ ಮೀನು ಯಾರನ್ನು ತಿಂದರೂ ಜನ ಅವರ ಅಂಗಿಯನ್ನೇ ನೋಡುತ್ತಿದ್ದರು.

ವರ್ಷಗಳ ನಂತರ ನನಗೆ ಗೊತ್ತಾದ ಸಂಗತಿ ಇದು. ಷಿಕಾಗೋದ ರೋಜರ್ ಎಬರ್ಟ್, ಅಮೆರಿಕದ ಬಹುದೊಡ್ಡ ಚಿತ್ರವಿಮರ್ಶಕ, ಈ ಚಿತ್ರಕ್ಕೆ ಒಂದೂ ನಕ್ಷತ್ರ ಕೊಡಲಿಲ್ಲ, ಸೊನ್ನೆ ಕೊಟ್ಟ. ಅವನು ಪಟ್ಟಿ ಮಾಡಿದ ದೋಷಗಳಲ್ಲಿ ಮೈಕೇಲ್ ಕೇನನ ಒಣ ಅಂಗಿಯೂ ಇದೆ. ಓದಿದಾಗ ಕಾಕಾನಿಗೆ ಹೇಳಿದೆ. “ಅಂವನೂ ನೇಕಾರ ಏನ?” ಎಂದು ಕೇಳಿದ. ಅಲ್ಲ, ಪತ್ರಿಕೆಯಲ್ಲಿ ಬರೆಯುವವನು ಎಂದೆ. “ಹಂಗಾದ್ರ ಶಾಣ್ಯಾ ಅದಾನ” ಎಂದ.

ಅಂಗಿ ಯಾಕೆ ಒಣಗಿತ್ತು ಎಂಬುದಕ್ಕೆ ಉತ್ತರ ಅವಸರದಲ್ಲಿದೆ. 1987ರ ಫೆಬ್ರವರಿಯಲ್ಲಿ ಚಿತ್ರೀಕರಣ ಶುರು, ಜುಲೈ 17ಕ್ಕೆ ಬಿಡುಗಡೆ. ಬೇಸಿಗೆ ರಜೆಯ ಜನ ತಪ್ಪಬಾರದೆಂಬ ಆತುರ. ಆ ಮಾರ್ಚ್ 30ರಂದು ಮೈಕೇಲ್ ಕೇನ್‌ಗೆ ಬೇರೊಂದು ಒಳ್ಳೆಯ ಚಿತ್ರಕ್ಕಾಗಿ ಆಸ್ಕರ್ ಬಂತು. ಪ್ರಶಸ್ತಿ ಇಸಿದುಕೊಳ್ಳಲು ಅವನಿಗೆ ಹೋಗಲಾಗಲಿಲ್ಲ, ಈ ಮೀನಿನ ಕೆಲಸದಲ್ಲಿ ಸಿಕ್ಕಿಕೊಂಡಿದ್ದ. ಈ ಚಿತ್ರವನ್ನು ತಾನು ನೋಡಿಲ್ಲವೆಂದೂ, ಅದರ ಸಂಬಳದಲ್ಲಿ ಕಟ್ಟಿದ ಮನೆಯನ್ನು ಮಾತ್ರ ನೋಡಿದ್ದೇನೆಂದೂ, ಮನೆ ಬಹಳ ಚೆನ್ನಾಗಿದೆಯೆಂದೂ ಅವನೇ ಆಮೇಲೆ ತಮಾಷೆ ಮಾಡಿದ. ಅವನ ಮೇಲೆ ಸಿಟ್ಟು ಬರುವುದಿಲ್ಲ. ಮನೆ ಕಟ್ಟಿಸುವುದು ಎಂಥವರನ್ನೂ ಎಂಥ ನೀರಿಗಾದರೂ ಇಳಿಸುತ್ತದೆ.

ಇನ್ನೂ ತಮಾಷೆಗಳಿವೆ. ಕೊನೆಯಲ್ಲಿ ಎಲೆನ್‌ಗೆ ಗಂಡ ಹಿಂದೆ ಶಾರ್ಕು ಕೊಂದ ದೃಶ್ಯ ಕಣ್ಣ ಮುಂದೆ ಬರುತ್ತದೆ. ಮೊದಲ ಚಿತ್ರದಲ್ಲಿ ಅದು ನಡೆದದ್ದು ನಡುಗಡಲಿನಲ್ಲಿ, ಈಕೆ ಊರಲ್ಲಿದ್ದಳು. ಕಾಣದ್ದನ್ನು ನೆನಪಿಸಿಕೊಳ್ಳುತ್ತಾಳೆ. ಮಗನ ಗೆಳೆಯ ಜೇಕ್‌ನನ್ನು ಶಾರ್ಕು ಕಚ್ಚಿ ನೀರಿನೊಳಗೆ ಒಯ್ಯುತ್ತದೆ. ಅಮೆರಿಕದ ಥಿಯೇಟರುಗಳಲ್ಲಿ ಮೊದಲು ತೋರಿಸಿದಾಗ ಅವನು ಸತ್ತಿದ್ದ, ಆಮೇಲೆ ಕೊನೆಯನ್ನು ತಿದ್ದಿದರು, ನಮ್ಮ ಕ್ಯಾಸೆಟ್ಟಿನಲ್ಲಿ ಅವನು ಬದುಕಿ ತೇಲಿ ಬಂದ. ಹಡಗಿನ ಮೂತಿಯ ಮರದ ಕಂಬ ಚುಚ್ಚಿದ್ದಕ್ಕೆ ಮೀನು ಢಂ ಎಂದು ಸಿಡಿದು ಚೂರಾಯಿತು. “ಹೊಟ್ಟ್ಯಾಗ ಮದ್ದು ತುಂಬಿದ್ರೇನಲೇ?” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಮೊದಲ ಚಿತ್ರದಲ್ಲಿಯೂ ಮೀನು ಸಿಡಿಯುತ್ತದೆ. ಆದರೆ ಅಲ್ಲಿ ಅದರ ಬಾಯಿಗೆ ಗಾಳಿ ತುಂಬಿದ ಸಿಲಿಂಡರು ಸಿಕ್ಕಿರುತ್ತದೆ, ಬ್ರೋಡಿ ಅದಕ್ಕೆ ಗುಂಡು ಹೊಡೆಯುತ್ತಾನೆ. ಆ ಸಿಲಿಂಡರನ್ನು ನಮಗೆ ಮುಂಚೆಯೇ ತೋರಿಸಿ, ಎಚ್ಚರ, ಇದು ಅಪಾಯ ಎಂದು ಒಬ್ಬನ ಬಾಯಲ್ಲಿ ಹೇಳಿಸಿಯೂ ಇರುತ್ತಾರೆ. ಆಯಿ ಕೇಳಿದ್ದು ಇದನ್ನೇ ಅಲ್ಲವೇ, ಮೊದಲ ತೋರಿಸಬೇಕು ಅಂತ.

ಎಲ್ಲಕ್ಕೂ ಮಿಗಿಲು ಗರ್ಜನೆ. ಈ ಶಾರ್ಕು ನೀರಿನಿಂದ ಎದ್ದು, ಬಾಲದ ಮೇಲೆ ನಿಂತು, ಹುಲಿಯಂತೆ ಗರ್ಜಿಸುತ್ತದೆ. ಶಾರ್ಕಿಗೆ ಧ್ವನಿಯ ಅಂಗವೇ ಇಲ್ಲ. ಜಗತ್ತಿನ ಅತಿ ಮೌನದ ಬೇಟೆಗಾರರಲ್ಲಿ ಅದೂ ಒಂದು. ಅದರ ಭಯವಿರುವುದೇ ಆ ಸದ್ದಿಲ್ಲದ ಬರವಿನಲ್ಲಿ. ಅದರ ಬಾಯಿಗೆ ಕೂಗು ತುರುಕಿದವರು ಅದರ ಹಲ್ಲು ಕಿತ್ತರು ಎಂದೇ ನನ್ನ ತೀರ್ಮಾನ.

ಆ ರಾತ್ರಿ ನಾವು ಹೆದರಲೇ ಇಲ್ಲ ಎಂದರೆ ಸುಳ್ಳಾದೀತು. ಅಂಗಿಯ ಪ್ರಕರಣಕ್ಕೂ ಮುಂಚೆ, ಚಿತ್ರದ ನಡುವೆ ಕರೆಂಟು ಹೋಯಿತು. ಸರಿಯಾಗಿ ಒಬ್ಬ ನೀರಿನೊಳಗೆ ಮುಳುಗುಡುಪು ತೊಟ್ಟು ಇಳಿದಿದ್ದ, ಮೀನು ಇನ್ನೂ ಬಂದಿರಲಿಲ್ಲ. ಟಿವಿ ಕಪ್ಪಾಯಿತು. ಬೀದಿದೀಪ ಇಲ್ಲ, ಗಣಪ್ಪನ ಮುಂದಿನ ಹಣತೆ ಮಾತ್ರ. ಮೀನು ಈಗ ಎಲ್ಲಿದೆಯೆಂದು ಯಾರಿಗೂ ತಿಳಿಯದು. ಕೂಸುಗಳು ಕಾಲು ಮಡಿಚಿ ಎತ್ತಿಕೊಂಡವು, ಎರಿ ಮಣ್ಣಿನ ನೆಲದ ಮೇಲೆ, ಕಡಲಿನಿಂದ ಅಷ್ಟು ದೂರ. ಒಬ್ಬಳು ಅತ್ತಿ ಮೆಲ್ಲಗೆ ‘ಶಿವ ಶಿವ’ ಎಂದಳು. ಕರೆಂಟು ಬಂತು, ಮೀನು ಬಂತು, ರಬ್ಬರಿನ ಹೊಟ್ಟೆ ಕಂಡಿತು, ಕೂಸುಗಳು ಕಾಲು ಚಾಚಿದವು.

1975ರ ಮೂಲ ‘ಜಾಸ್’ ನೋಡಿದ್ದು ಆಮೇಲೆ, ಧಾರವಾಡದಲ್ಲಿ ಓದುವಾಗ. ಆಗ ಕರೆಂಟು ಹೋದ ಆ ಗಳಿಗೆಯ ಬೆಲೆ ತಿಳಿಯಿತು. ಸ್ಟೀವನ್ ಸ್ಪೀಲ್‌ಬರ್ಗ್‌ಗೆ ಆಗ ಮೂವತ್ತು ತುಂಬಿರಲಿಲ್ಲ. ಮೂರು ಯಂತ್ರದ ಶಾರ್ಕು ಮಾಡಿಸಿದ್ದ, ತನ್ನ ವಕೀಲನ ಹೆಸರಿನಿಂದ ಬ್ರೂಸ್ ಎಂದು ಕರೆಯುತ್ತಿದ್ದ. ಉಪ್ಪುನೀರಿಗೆ ಇಳಿದದ್ದೇ ತಡ, ಬ್ರೂಸ್ ಕೆಟ್ಟು ಕುಳಿತ. 55 ದಿನದಲ್ಲಿ ಮುಗಿಯಬೇಕಿದ್ದ ಚಿತ್ರೀಕರಣ 159 ದಿನ ಎಳೆಯಿತು. ಮೀನಿಲ್ಲದೆ ಮೀನಿನ ಕಥೆ ಹೇಳಬೇಕು. ಹಾಗಾಗಿ ಒಂದು ರೆಕ್ಕೆ ತೋರಿಸಿದ, ನೀರಿನ ಮೇಲೆ ಓಡುವ ಹಳದಿ ಪೀಪಾಯಿ ತೋರಿಸಿದ, ಜಾನ್ ವಿಲಿಯಮ್ಸ್‌ನ ಎರಡೇ ಸ್ವರದ ಸಂಗೀತವನ್ನು ಮೀನಿನ ಬದಲು ನೀರಿಗೆ ಬಿಟ್ಟ. ಶಾರ್ಕು ಸರಿಯಾಗಿ ಮುಖ ತೋರಿಸುವ ಹೊತ್ತಿಗೆ ಒಂದು ತಾಸು ಮೀರಿರುತ್ತದೆ. ಅಷ್ಟರಲ್ಲಿ ನೋಡುವವರೇ ತಮ್ಮ ತಮ್ಮ ಮೀನನ್ನು ಮಾಡಿಕೊಂಡಿರುತ್ತಾರೆ, ಯಾವ ಬಡಗಿಯೂ ಅದಕ್ಕಿಂತ ದೊಡ್ಡದನ್ನು ಕೆತ್ತಲಾರ. ಸಂಗೀತ, ಸಂಕಲನ, ಧ್ವನಿ ಮೂರಕ್ಕೂ ಆಸ್ಕರ್ ಬಂತು. ನಾಲ್ಕನೆಯ ಚಿತ್ರದವರ ಕೈಗೆ ಮೀನು ಸಿಕ್ಕಿತು, ಹಾಗಾಗಿ ಮೊದಲಿನಿಂದಲೇ ತೋರಿಸಿದರು. ಕೆಟ್ಟುಹೋಗುವ ಯಂತ್ರ ಎಲ್ಲರ ಅದೃಷ್ಟದಲ್ಲಿ ಇರುವುದಿಲ್ಲ.

ನಮ್ಮವರೂ ಹಿಂದೆ ಬಿದ್ದಿಲ್ಲ. ‘ಆತಂಕ್’ ಎಂಬ ಹಿಂದಿ ಚಿತ್ರವಿದೆ, ಧರ್ಮೇಂದ್ರ ಮತ್ತು ಶಾರ್ಕು. ಹೇಮಾಮಾಲಿನಿ, ವಿನೋದ್ ಮೆಹ್ರಾ, ಅಮ್ಜದ್ ಖಾನ್ ಇದ್ದಾರೆ, ನಮ್ಮ ಗಿರೀಶ ಕಾರ್ನಾಡರೂ ಇದ್ದಾರೆ. ಮೀನುಗಾರರ ಹಳ್ಳಿ, ಗೆಳೆತನ, ಖಳನಾಯಕ, ನಡುವೆ ಮೀನು. ಬಹಳ ಹಿಂದೆ ಶುರುವಾಗಿ ನಿಂತು ನಿಂತು ಸಾಗಿದ ಈ ಚಿತ್ರ ತೆರೆ ಕಂಡದ್ದು 1996ರಲ್ಲಿ. ವಿನೋದ್ ಮೆಹ್ರಾ 1990ರಲ್ಲಿ, ಅಮ್ಜದ್ ಖಾನ್ 1992ರಲ್ಲಿ ತೀರಿಕೊಂಡಿದ್ದರು. ಅದರ ರಬ್ಬರ್ ಮೀನನ್ನು ನೋಡಿ ನಗುವುದು ಸುಲಭ, ನಾನೂ ನಕ್ಕಿದ್ದೇನೆ. ಆದರೆ ಪರದೆಯ ಮೇಲೆ ಹರೆಯದಲ್ಲಿ ಓಡಾಡುವ ಆ ಇಬ್ಬರು ಬಿಡುಗಡೆಯ ಹೊತ್ತಿಗೆ ಇರಲಿಲ್ಲ ಎಂದು ತಿಳಿದ ಮೇಲೆ ನಗು ಅರ್ಧಕ್ಕೆ ನಿಲ್ಲುತ್ತದೆ. ಅಮೆರಿಕದ್ದು ಅವಸರದಿಂದ ಕೆಟ್ಟಿತು, ನಮ್ಮದು ತಡವಾಗಿ.

ಪಾಪ, ಮೀನಿನ ಪರವಾಗಿಯೂ ಎರಡು ಮಾತು ಹೇಳಬೇಕು. ಇಡೀ ಜಗತ್ತಿನಲ್ಲಿ ವರ್ಷಕ್ಕೆ ಶಾರ್ಕಿನಿಂದ ಸಾಯುವವರು ಹತ್ತರ ಆಸುಪಾಸು. ಮನುಷ್ಯರ ಕೈಯಲ್ಲಿ ಸಾಯುವ ಶಾರ್ಕುಗಳು ವರ್ಷಕ್ಕೆ ಸುಮಾರು 10 ಕೋಟಿ ಎಂದು 2013ರ ಒಂದು ಅಧ್ಯಯನದ ಅಂದಾಜು. ಹಗೆ ಸಾಧಿಸುವ ಹಕ್ಕು ಯಾರದು ಎಂದು ಆಯಿ ಕೇಳಿದ್ದರೆ ಈ ಲೆಕ್ಕ ತೋರಿಸಬಹುದಿತ್ತು. ನಮ್ಮ ಕರಾವಳಿಯಲ್ಲಿ ಅದನ್ನು ತಾಟೆ, ಮೋರಿ ಎಂದು ಸಂತೆಯಲ್ಲಿ ಕೊಂಡು, ಹಾಲು ಹೆಚ್ಚಲಿ ಎಂದು ಬಾಣಂತಿಗೆ ಸಾರು ಮಾಡಿ ಬಡಿಸುತ್ತಾರೆ. 1974ರಲ್ಲಿ ಪ್ರಕಟವಾದ ‘ಜಾಸ್’ ಕಾದಂಬರಿಯನ್ನು ಬರೆದ ಪೀಟರ್ ಬೆಂಚ್ಲಿ ತನ್ನ ಪುಸ್ತಕ ಮೀನಿಗೆ ತಂದ ಕೆಟ್ಟ ಹೆಸರಿಗೆ ನೊಂದು, ಉಳಿದ ಆಯುಷ್ಯವನ್ನು ಶಾರ್ಕು ಮತ್ತು ಕಡಲಿನ ರಕ್ಷಣೆಯ ಮಾತಾಡುವುದರಲ್ಲಿ ಕಳೆದ. ಅವನ ಕಾದಂಬರಿಯ ಬಾಲ ಹಿಡಿದು ನಾಲ್ಕನೆಯ ಚಿತ್ರದವರೆಗೆ ಬಂದವರಲ್ಲಿ ಯಾರೂ ನೊಂದ ಸುದ್ದಿಯಿಲ್ಲ.

ಈಗ ಕಂಪ್ಯೂಟರಿನ ಮೀನುಗಳ ಕಾಲ. 2018ರ ‘ದಿ ಮೆಗ್’ನಲ್ಲಿ 36 ಲಕ್ಷ ವರ್ಷಗಳ ಹಿಂದೆಯೇ ಅಳಿದುಹೋದ ಮೆಗಲೊಡಾನ್ ಎದ್ದು ಬರುತ್ತದೆ, ಆದರೆ ಸಣ್ಣ ಮಕ್ಕಳ ಟಿಕೀಟು ತಪ್ಪಬಾರದೆಂದು ರಕ್ತವನ್ನು ಅಳೆದು ಹನಿಸುತ್ತದೆ. 2024ರ ಫ್ರೆಂಚ್ ಚಿತ್ರ ‘ಅಂಡರ್ ಪ್ಯಾರಿಸ್’ನಲ್ಲಿ ಶಾರ್ಕು ಸೇನ್ ನದಿಯ ಸಿಹಿನೀರಿಗೇ ಬರುತ್ತದೆ. ಮೇಯರಮ್ಮ ಈಜು ಪಂದ್ಯ ನಿಲ್ಲಿಸುವುದಿಲ್ಲ ಎನ್ನುತ್ತಾಳೆ. 1975ರ ಮೇಯರೂ ಬೀಚು ಮುಚ್ಚಲು ಒಪ್ಪಿರಲಿಲ್ಲ. ಅರ್ಧ ಶತಮಾನದಲ್ಲಿ ಮೀನು ನದಿ ಹತ್ತುವುದನ್ನು ಕಲಿತಿದೆ, ಮೇಯರುಗಳು ಏನನ್ನೂ ಕಲಿತಿಲ್ಲ. ಈ ಚಿತ್ರಗಳಲ್ಲಿ ಎಲ್ಲರ ಅಂಗಿಯೂ ಸರಿಯಾಗಿ ತೊಯ್ದಿರುತ್ತದೆ. ಕಾಕಾನ ಮೊಮ್ಮಗ ಅವನ್ನು ಫೋನಿನಲ್ಲಿ ನೋಡುತ್ತಾನೆ, ಬೇಸರವಾದ ಕಡೆ ಬೆರಳಿನಿಂದ ಮುಂದಕ್ಕೆ ತಳ್ಳುತ್ತಾನೆ. ಮುಂದಕ್ಕೆ ತಳ್ಳುವವನಿಗೆ ದೋಷ ಸಿಗುವುದಿಲ್ಲ, ದೋಷ ಸಿಗಬೇಕಾದರೆ ಹಿಂದಕ್ಕೆ ಸುತ್ತಬೇಕು. ಹೇಗಿತ್ತು ಎಂದು ಕೇಳಿದರೆ “ಓಕೆ ಐತಿ” ಎನ್ನುತ್ತಾನೆ. ಒಂದು ಸಿನಿಮಾಕ್ಕೆ ಇದಕ್ಕಿಂತ ದೊಡ್ಡ ಅವಮಾನ ನನಗೆ ಗೊತ್ತಿಲ್ಲ. ‘ದಿ ರಿವೆಂಜ್’ ಇಂಥ ಅವಮಾನಕ್ಕೆ ಯಾವತ್ತೂ ಗುರಿಯಾಗಲಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ. ಹೆದರಬೇಕೆಂದಿದ್ದರೆ 1975ರ ಚಿತ್ರವನ್ನು ದೀಪ ಆರಿಸಿ ಒಬ್ಬರೇ ನೋಡಿ. 1987ರದ್ದನ್ನು ಒಬ್ಬರೇ ನೋಡುವ ತಪ್ಪು ಮಾತ್ರ ಮಾಡಬೇಡಿ. ಅದು ಒಂದೂವರೆ ತಾಸಿನ ಚಿತ್ರ. ಚುರುಮುರಿ, ಮಿರ್ಚಿ ತರಿಸಿ, ಹತ್ತು ಮಂದಿಯನ್ನು ಕೂಡಿಸಿ, ಎರಡೂವರೆ ತಾಸು ಇಟ್ಟುಕೊಳ್ಳಿ. ಹಿಂದಕ್ಕೆ ಸುತ್ತುವುದಕ್ಕೆ ಹೊತ್ತು ಬೇಕಾಗುತ್ತದೆ.